ನಕ್ಷೆಯಿಲ್ಲದ ಸಂಧಾನಗಳು

ಮಳೆಗಾಲ ಹಿಡಿಯಿತೆಂದರೆ ಶಿರಸಿ ಸೀಮೆಯಲ್ಲಿ ತಾಳಮದ್ದಳೆಯ ಕಾಲ. ಮತ್ತಿಘಟ್ಟದ ಕಡೆಯಿರಲಿ, ಸಿದ್ದಾಪುರ, ಯಲ್ಲಾಪುರದ ಕಡೆಯಿರಲಿ, ‘ಕೃಷ್ಣ ಸಂಧಾನ’ ಪ್ರಸಂಗವೆಂದರೆ ಕೇಳುಗರಿಗೆ ಬರವಿಲ್ಲ. ಸಂಧಾನ ಮುರಿಯುತ್ತದೆ, ಯುದ್ಧ ಆಗಿಯೇ ಆಗುತ್ತದೆ ಎಂಬುದು ಕಂಬಳಿ ಹಾಸಿನ ಮೇಲೆ ತೂಕಡಿಸುವ ಮಕ್ಕಳಿಗೂ ಗೊತ್ತು. ಆದರೂ ಕೃಷ್ಣನ ಮಾತಿಗೆ ಕೌರವ ಈ ಸಲ ಏನೆನ್ನುತ್ತಾನೆ ಎಂದು ಕಿವಿ ನಿಮಿರಿಸಿ ಕೂರುತ್ತೇವೆ. ಇಸ್ರೇಲ್–ಪ್ಯಾಲೆಸ್ಟೈನ್ ಶಾಂತಿ ಮಾತುಕತೆಯ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಹೀಗೆಯೇ ಓದಿಕೊಂಡು ಬಂದಿದ್ದೇವೆ. ಕೊನೆ ಏನೆಂದು ಗೊತ್ತಿದೆ, ಮಾತಿನ ಮೇಲೆ ಮಾತ್ರ ಕುತೂಹಲ.

ಆದರೆ ಕೃಷ್ಣ ಹಸ್ತಿನಾವತಿಗೆ ಹೋದಾಗ ಬೇಡಿಕೆ ಏನೆಂಬುದರಲ್ಲಿ ಗೊಂದಲವಿರಲಿಲ್ಲ. ಅರ್ಧ ರಾಜ್ಯ ಕೊಡು, ಆಗದಿದ್ದರೆ ಐದು ಗ್ರಾಮ ಕೊಡು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಧರ್ಮರಾಯ ನಾಲ್ಕು ಊರುಗಳ ಹೆಸರನ್ನೇ ಹೇಳಿ, ಐದನೆಯದನ್ನು ದುರ್ಯೋಧನನ ಮರ್ಜಿಗೆ ಬಿಡುತ್ತಾನೆ. ಸೂಜಿಮೊನೆಯಷ್ಟೂ ಕೊಡೆನೆಂಬ ಉತ್ತರವೂ ಅಷ್ಟೇ ನಿಚ್ಚಳ. ಪ್ಯಾಲೆಸ್ಟೈನಿನ ವಿಷಯದಲ್ಲಿ ಮುಕ್ಕಾಲು ಪಾಲು ಸಂಧಾನಗಳು ಯಾವ ನೆಲ ಯಾರಿಗೆ ಎಂಬ ಪ್ರಶ್ನೆಯನ್ನು ಕೊನೆಗೆ ನೋಡಿದರಾಯಿತೆಂದು ಬದಿಗಿಟ್ಟೇ ಆರಂಭವಾದವು. ಅವು ಮುರಿದುಬಿದ್ದದ್ದಕ್ಕೆ ಹಟ, ದ್ವೇಷ, ಧರ್ಮ ಎಲ್ಲವೂ ಕಾರಣವಿರಬಹುದು. ನನ್ನ ಲೆಕ್ಕದಲ್ಲಿ ಈ ಬದಿಗಿಡುವಿಕೆಯೇ ಮೊದಲ ಕಾರಣ. (ಯಾರು ಪಾಂಡವರು, ಯಾರು ಕೌರವರು ಎಂದು ಮಾತ್ರ ಹಚ್ಚಿ ನೋಡಬೇಡಿ. ಎರಡೂ ಕಡೆಯವರು ತಾವೇ ಪಾಂಡವರೆಂದು ನಂಬಿದ್ದಾರೆ.)

ಈ ನೆಲಕ್ಕೂ ನಮಗೂ ಇರುವ ನಂಟು ಹಳೆಯದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡ ಅಶ್ವದಳದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ಜೋಧಪುರದವರು ಊರಿಗೆ ನುಗ್ಗಿದರೆ, ಮೈಸೂರಿನ ತುಕಡಿ ಕಾರ್ಮೆಲ್ ಗುಡ್ಡ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಜೋಧಪುರ, ಹೈದರಾಬಾದ್, ಮೈಸೂರು ಪಡೆಗಳ ನೆನಪಿಗೆ ನಿಂತವು. ನಮ್ಮ ಸವಾರರು ಹೈಫಾ ಹೊಕ್ಕಾಗ ಬ್ರಿಟನ್ ಆ ಪ್ರದೇಶದ ಬಗ್ಗೆ ಮೂರು ಕಡೆ ಮಾತು ಕೊಟ್ಟಾಗಿತ್ತು. ಮೆಕ್ಕಾದ ಅರಬ್ ಮುಖಂಡ ಹುಸೇನನಿಗೆ 1915–16ರಲ್ಲಿ ಬರೆದ ಪತ್ರಗಳಲ್ಲಿ ಅರಬರಿಗೆ ಸ್ವಾತಂತ್ರ್ಯದ ಭರವಸೆ, 1916ರಲ್ಲಿ ಫ್ರಾನ್ಸಿನ ಜೊತೆ ಗುಟ್ಟಿನ ಹಂಚಿಕೆ, 1917ರ ನವೆಂಬರ್ 2ರಂದು ಬಾಲ್ಫೋರ್ ಘೋಷಣೆಯಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯ ವಾಗ್ದಾನ. ಹುಸೇನನಿಗೆ ಬರೆದ ಪತ್ರಗಳಲ್ಲಿ ಪ್ಯಾಲೆಸ್ಟೈನ್ ಸೇರಿತ್ತೋ ಇಲ್ಲವೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಎಲ್ಲೆ ಬರೆಯದ ವಾಗ್ದಾನಗಳ ಚಾಳಿ ಅಲ್ಲಿಂದಲೇ ಶುರು.

ಮೂವತ್ತು ವರ್ಷಗಳ ಬಳಿಕ ಬ್ರಿಟನ್ ಕೈಚೆಲ್ಲಿ ವಿಷಯವನ್ನು ವಿಶ್ವಸಂಸ್ಥೆಗೆ ಒಪ್ಪಿಸಿತು. 1947ರಲ್ಲಿ ರಚನೆಯಾದ ಹನ್ನೊಂದು ದೇಶಗಳ ವಿಶೇಷ ಸಮಿತಿಯಲ್ಲಿ ಭಾರತವೂ ಇತ್ತು. ನಮ್ಮ ಪ್ರತಿನಿಧಿ ನ್ಯಾಯಮೂರ್ತಿ ಸರ್ ಅಬ್ದುರ್ ರಹಮಾನ್. ಸಮಿತಿಯ ಬಹುಮತ ದೇಶ ವಿಭಜನೆಯ ಪರ. ಭಾರತ, ಇರಾನ್, ಯುಗೊಸ್ಲಾವಿಯ ಮೂರೂ ಸೇರಿ ಅಲ್ಪಮತದ ವರದಿ ಕೊಟ್ಟವು: ಒಂದೇ ಒಕ್ಕೂಟ ರಾಷ್ಟ್ರ, ಅದರೊಳಗೆ ಅರಬ್ ರಾಜ್ಯ, ಯಹೂದಿ ರಾಜ್ಯ, ಜೆರುಸಲೇಂ ರಾಜಧಾನಿ. ಆ ವರದಿ ಸಿದ್ಧವಾಗುತ್ತಿದ್ದ ಆಗಸ್ಟ್ ತಿಂಗಳಲ್ಲೇ ಪಂಜಾಬು, ಬಂಗಾಳ ಸೀಳಿಹೋಗುತ್ತಿದ್ದವು. ತನ್ನ ಮನೆಯಲ್ಲಿ ತಪ್ಪಿಸಲಾಗದ ವಿಭಜನೆಯನ್ನು ಇನ್ನೊಬ್ಬರ ಮನೆಯಲ್ಲಿ ತಪ್ಪಿಸಲು ಭಾರತ ಹೊರಟಿತ್ತು. ನೆಹರೂ ಕಾಲದ ಈ ನಿಲುವನ್ನು ಈಗ ಆದರ್ಶದ ಕನಸೆಂದು ಹಗುರ ಮಾಡುವವರಿದ್ದಾರೆ. ಯೋಜನೆಯನ್ನು ಎರಡೂ ಕಡೆಯವರು ತಳ್ಳಿಹಾಕಿದರೆಂಬುದು ನಿಜ. ಆದರೆ ಗೆದ್ದ ಯೋಜನೆ ಏನು ಸುಖ ಕೊಟ್ಟಿತು?

1947ರ ನವೆಂಬರ್ 29ರಂದು ಸಾಮಾನ್ಯ ಸಭೆ 181ನೇ ನಿರ್ಣಯವನ್ನು ಅಂಗೀಕರಿಸಿತು. ಪರ 33, ವಿರುದ್ಧ 13, ತಟಸ್ಥ 10. ಭಾರತ ವಿರುದ್ಧವಾಗಿ ಮತ ಹಾಕಿತು. ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟಿದ್ದ ಯಹೂದಿಗಳಿಗೆ ನೆಲದ ಸುಮಾರು ಶೇ. 55 ಹೋಗುವ ಯೋಜನೆ ಅದು. ಯಹೂದಿ ನಾಯಕತ್ವ ಒಪ್ಪಿತು, ಅರಬರು ಒಪ್ಪಲಿಲ್ಲ. ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ. ಈ ನಿರ್ಣಯಕ್ಕೆ ನಕ್ಷೆಯಿತ್ತು, ಊರೂರಿನ ಗಡಿ ಬರೆದಿತ್ತು, ಆದರೂ ಮಾರನೆಯ ದಿನದಿಂದಲೇ ಬಂದೂಕು ಸಿಡಿಯಿತು. ಅದು ನ್ಯೂಯಾರ್ಕಿನಲ್ಲಿ ಬರೆದ ನಕ್ಷೆ. ಆ ನೆಲದ ಎರಡು ಜನಾಂಗಗಳು ಎದುರುಬದುರು ಕೂತು ಬರೆದದ್ದಲ್ಲ. ಇಸ್ರೇಲ್ ದೇಶ ಹುಟ್ಟಿದ್ದೇ ನೆರೆಯ ಅರಬ್ ದೇಶಗಳೊಡನೆ ಯುದ್ಧ ಹೊತ್ತಿಕೊಂಡಿತು. ವಿಶ್ವಸಂಸ್ಥೆಯ ಮಧ್ಯಸ್ಥ, ಸ್ವೀಡನ್ನಿನ ಫೋಕೆ ಬರ್ನಾಡೊಟ್ ಇನ್ನೊಂದು ಹಂಚಿಕೆ ಸೂಚಿಸಿದಾಗ ಯಹೂದಿ ಉಗ್ರರ ಲೆಹಿ ಗುಂಪು 1948ರ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ಆತನನ್ನು ಗುಂಡಿಟ್ಟು ಕೊಂದಿತು. ಅವನ ಜಾಗಕ್ಕೆ ಬಂದ ಅಮೆರಿಕದ ರಾಲ್ಫ್ ಬಂಚ್ 1949ರಲ್ಲಿ ಈಜಿಪ್ಟ್, ಲೆಬನಾನ್, ಜೋರ್ಡಾನ್, ಸಿರಿಯಗಳ ಜೊತೆ ಒಂದೊಂದಾಗಿ ಕದನವಿರಾಮ ಕುದುರಿಸಿದ, ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ. ಆ ಮೇಜಿನ ಸುತ್ತ ಪ್ಯಾಲೆಸ್ಟೀನಿಯರು ಮಾತ್ರ ಇರಲಿಲ್ಲ. ಸುಮಾರು ಏಳು ಲಕ್ಷ ಮಂದಿ ಮನೆಮಠ ಬಿಟ್ಟು ನಿರಾಶ್ರಿತರಾಗಿದ್ದರು. ಹಳೆಯ ಪ್ಯಾಲೆಸ್ಟೈನಿನ ಶೇ. 78 ಇಸ್ರೇಲಿನ ಕೈಯಲ್ಲಿತ್ತು. ಉಳಿದ ಶೇ. 22 ಅಂದರೆ ಪಶ್ಚಿಮ ದಂಡೆ ಮತ್ತು ಗಾಜಾ. ಮುಂದಿನ ಎಲ್ಲ ಚೌಕಾಸಿ ಈ ಇಪ್ಪತ್ತೆರಡರ ಮೇಲೆಯೇ.

ಭಾರತ 1949ರಲ್ಲಿ ವಿಶ್ವಸಂಸ್ಥೆಗೆ ಇಸ್ರೇಲಿನ ಪ್ರವೇಶವನ್ನು ವಿರೋಧಿಸಿ, 1950ರ ಸೆಪ್ಟೆಂಬರ್ 17ರಂದು ಆ ದೇಶಕ್ಕೆ ಮಾನ್ಯತೆ ಕೊಟ್ಟಿತು. ಆ ಹೊತ್ತಿಗೆ ವಿಶ್ವಸಂಸ್ಥೆಯಲ್ಲಿ ನಮ್ಮ ಕಾಯಂ ಪ್ರತಿನಿಧಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾವ್, ಸಂವಿಧಾನದ ಕರಡಿಗೆ ಅಡಿಪಾಯ ಹಾಕಿದ ಅದೇ ಬಿ.ಎನ್. ರಾವ್. ಮಾನ್ಯತೆ ಕೊಟ್ಟೂ ರಾಯಭಾರಿ ಕಳಿಸದೆ ನಲವತ್ತೊಂದು ವರ್ಷ ಕಳೆದದ್ದು ನಮ್ಮ ರಾಜತಂತ್ರದ ಒಂದು ವಿಚಿತ್ರ. ನಡುವೆ 1956ರಿಂದ 1967ರವರೆಗೆ ಭಾರತದ ಸೈನಿಕರು ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ಗಾಜಾ, ಸಿನಾಯ್ ಗಡಿ ಕಾದರು. 1967ರ ಜೂನ್ ಯುದ್ಧದ ಬೆಂಕಿಗೆ ಅವರಲ್ಲಿ ಕೆಲವರು ಬಲಿಯಾದರು. ಇನ್ನೊಂದು ವಿಚಿತ್ರ: 1977ರ ಆಗಸ್ಟಿನಲ್ಲಿ ಇಸ್ರೇಲಿನ ವಿದೇಶಾಂಗ ಸಚಿವ ಮೋಶೆ ದಯಾನ್ ಗುಟ್ಟಾಗಿ ದೆಹಲಿಗೆ ಬಂದು ಮೊರಾರ್ಜಿ ದೇಸಾಯಿಯವರನ್ನು ಕಂಡು ಹೋದ. ಜಗತ್ತೆಲ್ಲ ಗುರುತಿಸುವ ಒಕ್ಕಣ್ಣಿನ ಮನುಷ್ಯ ಗುಟ್ಟಾಗಿ ಓಡಾಡಿದ್ದು ಹೇಗೋ!

1967ರ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಉಳಿದ ಶೇ. 22ನ್ನೂ, ಜೊತೆಗೆ ಈಜಿಪ್ಟಿನ ಸಿನಾಯ್, ಸಿರಿಯದ ಗೋಲನ್ ಪ್ರದೇಶಗಳನ್ನೂ ಹಿಡಿಯಿತು. ಅರಬ್ ದೇಶಗಳು ಖಾರ್ಟೂಮಿನಲ್ಲಿ ಸೇರಿ ಶಾಂತಿ ಇಲ್ಲ, ಮಾನ್ಯತೆ ಇಲ್ಲ, ಮಾತುಕತೆ ಇಲ್ಲ ಎಂದವು. ನವೆಂಬರ್ 22ರಂದು ಭದ್ರತಾ ಮಂಡಳಿಯ 242ನೇ ನಿರ್ಣಯ ಬಂತು: ನೆಲ ಬಿಡಬೇಕು, ಬದಲಿಗೆ ಶಾಂತಿ ಸಿಗಬೇಕು. ಎಷ್ಟು ನೆಲ ಎಂದು ಅದು ಹೇಳಲಿಲ್ಲ. ಎಲ್ಲರೂ ಒಪ್ಪಲಿ ಎಂದೇ ಹಾಗೆ ಬರೆದದ್ದು. ಪ್ಯಾಲೆಸ್ಟೀನಿಯರ ಹೆಸರೂ ಅದರಲ್ಲಿಲ್ಲ, ನಿರಾಶ್ರಿತರ ಸಮಸ್ಯೆ ಎಂಬಷ್ಟಕ್ಕೆ ಮುಗಿಸಿದೆ.

ಕೈಗೂಡಿದ ಸಂಧಾನ ಒಂದಿದೆ, ಅದನ್ನು ಸಾವಕಾಶವಾಗಿ ನೋಡಬೇಕು. 1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಯಾರೂ ಎಣಿಸದ ಹಾಗೆ ಜೆರುಸಲೇಮಿಗೇ ಹೋಗಿ ಇಸ್ರೇಲಿನ ಸಂಸತ್ತಿನಲ್ಲಿ ಮಾತಾಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಮೆನಾಕೆಮ್ ಬೆಗಿನ್ ಇಬ್ಬರನ್ನೂ ಕ್ಯಾಂಪ್ ಡೇವಿಡ್ಡಿನ ಕಾಡಿನ ಬಿಡಾರದಲ್ಲಿ ಹದಿಮೂರು ದಿನ ಕೂಡಿಹಾಕಿದರು. ಹೊರಬಂದದ್ದು ಎರಡು ಕಾಗದ. ಒಂದು ಈಜಿಪ್ಟಿನದು: ಇಡೀ ಸಿನಾಯ್ ವಾಪಸು, ಹಳೆಯ ಅಂತರರಾಷ್ಟ್ರೀಯ ಗಡಿಯೇ ಗಡಿ, ಹಂತಹಂತವಾಗಿ ತೆರವಿಗೆ ಗಡುವು, ಅಲ್ಲಿನ ಯಹೂದಿ ವಸಾಹತುಗಳನ್ನೂ ಕಿತ್ತು ಹೊರಡಬೇಕು. 1979ರ ಮಾರ್ಚ್ 26ರಂದು ಒಪ್ಪಂದವಾಯಿತು, 1982ರ ಏಪ್ರಿಲಿನಲ್ಲಿ ತೆರವು ಮುಗಿಯಿತು. ಅಷ್ಟರಲ್ಲಿ ಸಾದತ್ ಕೊಲೆಯಾಗಿದ್ದರು, ಒಪ್ಪಂದ ಸಾಯಲಿಲ್ಲ. ತಾಬಾ ಎಂಬ ಕಡಲ ದಂಡೆಯ ಅಂಗೈಯಗಲ ಜಾಗ ಯಾರದೆಂದು ತಕರಾರು ಉಳಿದಿತ್ತು. ಗಡಿಕಂಬ ಎಲ್ಲಿತ್ತೆಂದು ಪಂಚಾಯಿತಿ ಮಂಡಳಿಯೊಂದು ಹಳೆಯ ದಾಖಲೆಗಳನ್ನು ತಿರುವಿ 1988ರಲ್ಲಿ ಈಜಿಪ್ಟಿನ ಪರ ತೀರ್ಪಿತ್ತಿತು. ಇಸ್ರೇಲ್ ಮರುವರ್ಷ ಬಿಟ್ಟುಕೊಟ್ಟಿತು. ನಾಲ್ಕು ಯುದ್ಧ ಮಾಡಿದ ಎರಡು ದೇಶಗಳು ಒಂದು ಗಡಿಕಂಬದ ವ್ಯಾಜ್ಯವನ್ನು ಕೋರ್ಟು ಕಚೇರಿಯ ದಾರಿಯಲ್ಲಿ ಮುಗಿಸಿಕೊಂಡವು.

ಎರಡನೆಯ ಕಾಗದ ಪಶ್ಚಿಮ ದಂಡೆ ಮತ್ತು ಗಾಜಾದ್ದು. ಐದು ವರ್ಷ ಸ್ವಾಯತ್ತೆ, ಅಂತಿಮ ಸ್ಥಿತಿ ಏನೆಂದು ಆಮೇಲೆ ಮಾತು. ಅಲ್ಲಿನ ಜನರನ್ನು ಯಾರೂ ಕರೆದಿರಲಿಲ್ಲ, ಗಡಿ ಬರೆದಿರಲಿಲ್ಲ. ಅದರಿಂದ ಏನೂ ಆಗಲಿಲ್ಲ. ಒಂದೇ ಮೇಜು, ಅವೇ ಹದಿಮೂರು ದಿನ, ಅವೇ ಸಹಿಗಳು; ನಕ್ಷೆಯಿದ್ದ ಕಾಗದ ಬದುಕಿತು, ಇಲ್ಲದ್ದು ಸತ್ತಿತು. 1994ರ ಅಕ್ಟೋಬರಿನಲ್ಲಿ ಜೋರ್ಡಾನಿನ ಜೊತೆ ಆದ ಒಪ್ಪಂದವೂ ಇದನ್ನೇ ಹೇಳುತ್ತದೆ. ಅದರಲ್ಲಿ ಎರಡು ತುಂಡು ಜಮೀನನ್ನು ಇಸ್ರೇಲಿ ರೈತರ ಬಳಕೆಗೆ ಇಪ್ಪತ್ತೈದು ವರ್ಷಕ್ಕೆ ಬಿಟ್ಟಿದ್ದರು. ಅವಧಿ ಮುಗಿದದ್ದೇ 2019ರಲ್ಲಿ ಜೋರ್ಡಾನ್ ವಾಪಸು ಪಡೆಯಿತು, ಒಂದು ಗುಂಡೂ ಹಾರಲಿಲ್ಲ.

ಇನ್ನು ಓಸ್ಲೊ. 1991ರ ಅಕ್ಟೋಬರಿನ ಮ್ಯಾಡ್ರಿಡ್ ಸಮ್ಮೇಳನ ಬಾಗಿಲು ತೆರೆದಿತ್ತು. ಅದರ ಬೆನ್ನಿಗೇ 1992ರ ಜನವರಿಯಲ್ಲಿ ಭಾರತವೂ ಇಸ್ರೇಲಿನ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಆರಂಭಿಸಿತು. ನಾರ್ವೆಯಲ್ಲಿ ಗುಟ್ಟಾಗಿ ನಡೆದ ಮಾತುಕತೆ 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನಲ್ಲಿ ಇಸ್ರೇಲಿನ ಪ್ರಧಾನಿ ರಬಿನ್ ಮತ್ತು ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಾಯಕ ಅರಾಫತ್ ಅವರ ಹಸ್ತಲಾಘವದಲ್ಲಿ ಕೊನೆಗೊಂಡಿತು. ಪಿಎಲ್‌ಒ ಇಸ್ರೇಲಿಗೆ ಮಾನ್ಯತೆ ಕೊಟ್ಟಿತು, ಇಸ್ರೇಲ್ ಪಿಎಲ್‌ಒವನ್ನು ಪ್ಯಾಲೆಸ್ಟೀನಿಯರ ಪ್ರತಿನಿಧಿಯೆಂದು ಒಪ್ಪಿತು. ತೂಗಿ ನೋಡಿ: ಒಂದು ಕಡೆ ದೇಶಕ್ಕೆ ಮಾನ್ಯತೆ, ಇನ್ನೊಂದು ಕಡೆ ಸಂಘಟನೆಗೆ. ಗಡಿ, ಜೆರುಸಲೇಂ, ವಸಾಹತು, ನಿರಾಶ್ರಿತರು, ನಾಲ್ಕನ್ನೂ ಮುಂದಿನ ಮಾತಿಗೆ ಬಿಟ್ಟರು. ವಿಶ್ವಾಸ ಬೆಳೆದ ಮೇಲೆ ಕಠಿಣ ಪ್ರಶ್ನೆ ಸುಲಭವಾಗುತ್ತದೆ ಎಂಬುದು ಲೆಕ್ಕ. ಆದದ್ದು ತಿರುಗುಮುರುಗು. ಪ್ರಶ್ನೆ ಮುಂದೂಡಿದಷ್ಟೂ ದಿನ ಅದನ್ನು ಕೆಡಿಸುವವರಿಗೆ ಪುರಸತ್ತು ಸಿಕ್ಕಿತು. 1994ರ ಫೆಬ್ರುವರಿಯಲ್ಲಿ ಹೆಬ್ರಾನಿನ ಮಸೀದಿಯಲ್ಲಿ ಯಹೂದಿ ವಸಾಹತುಗಾರನೊಬ್ಬ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದ. ಒಪ್ಪಂದವನ್ನು ಒಪ್ಪದ ಪ್ಯಾಲೆಸ್ಟೀನಿ ಸಂಘಟನೆ ಹಮಾಸ್ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬು ಸಿಡಿಸತೊಡಗಿತು. 1995ರ ನವೆಂಬರ್ 4ರಂದು ರಬಿನ್ ಅವರನ್ನು ಕೊಂದವನು ಒಬ್ಬ ಯಹೂದಿ ಉಗ್ರವಾದಿ.

ಅದೇ ವರ್ಷದ ಎರಡನೇ ಓಸ್ಲೊ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ಪ್ರದೇಶ ಮಾಡಿತು. ಈಗ ಸುಮಾರು ಶೇ. 60ರಷ್ಟಿರುವ ಸಿ ಪೂರ್ತಿ ಇಸ್ರೇಲಿ ಹಿಡಿತದಲ್ಲಿ. 1994ರಿಂದ ಐದು ವರ್ಷಕ್ಕೆಂದು ಎಣಿಸಿದ ಈ ತಾತ್ಕಾಲಿಕ ಏರ್ಪಾಡಿನ ಅವಧಿ 1999ರ ಮೇ ತಿಂಗಳಲ್ಲಿ ಮುಗಿಯಿತು. ಏರ್ಪಾಡು ಮಾತ್ರ ಇಂದಿಗೂ ಹಾಗೇ ಇದೆ. 1993ರಲ್ಲಿ ಪಶ್ಚಿಮ ದಂಡೆಯಲ್ಲಿ, ಪೂರ್ವ ಜೆರುಸಲೇಂ ಬಿಟ್ಟು, ಸುಮಾರು 1.1 ಲಕ್ಷ ವಸಾಹತುಗಾರರಿದ್ದರು. 2000ದ ಹೊತ್ತಿಗೆ ಸುಮಾರು ಎರಡು ಲಕ್ಷ, ಈಗ ಐದು ಲಕ್ಷದ ಆಸುಪಾಸು. ಮಾತು ನಡೆಯುತ್ತಿದ್ದ ವರ್ಷಗಳಲ್ಲೇ ಮಾತಿನ ವಿಷಯವಾದ ನೆಲ ಕರಗುತ್ತಿತ್ತು. ಬಾಂಬುಗಳಿಂದ ಇಸ್ರೇಲಿಗರ ನಂಬಿಕೆ ಹೋಯಿತು, ಬುಲ್ಡೋಜರುಗಳಿಂದ ಪ್ಯಾಲೆಸ್ಟೀನಿಯರದ್ದು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ನುಂಗುವ ಬರಹಗಳೇ ನಮ್ಮಲ್ಲಿ ಹೆಚ್ಚು.

ನೆಲದ ಲೆಕ್ಕ ನೇರವಾಗಿ ಮೇಜಿಗೆ ಬಂದದ್ದು ಎರಡು ಮೂರು ಸಲ. 2000ದ ಜುಲೈಯ ಕ್ಯಾಂಪ್ ಡೇವಿಡ್ ಸಭೆಯಲ್ಲಿ ಇಸ್ರೇಲಿನ ಪ್ರಧಾನಿ ಎಹುದ್ ಬರಾಕ್ ಹಿಂದಿನ ಯಾವ ಪ್ರಧಾನಿಯೂ ಹೇಳದಷ್ಟು ಹೇಳಿದರು, ಆದರೆ ಬರವಣಿಗೆಯಲ್ಲಿ ಕೊಡಲಿಲ್ಲ. ಅರಾಫತ್ ಬೇಡವೆಂದರು, ಬದಲಿಗೆ ತಮ್ಮದೊಂದು ಪ್ರಸ್ತಾವವನ್ನೂ ಇಡಲಿಲ್ಲ. ಡಿಸೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅಂಕಿ ಇಟ್ಟರು: ಪಶ್ಚಿಮ ದಂಡೆಯ ಶೇ. 94ರಿಂದ 96, ಜೊತೆಗೆ ಒಂದಿಷ್ಟು ನೆಲದ ಅದಲುಬದಲು, ಜೆರುಸಲೇಮಿನ ಅರಬ್ ಬಡಾವಣೆಗಳು ಪ್ಯಾಲೆಸ್ಟೈನಿಗೆ. ಆಗ ಕ್ಲಿಂಟನ್ ಅಧಿಕಾರಕ್ಕೆ ಉಳಿದದ್ದು ನಾಲ್ಕು ವಾರ. ಜನವರಿಯಲ್ಲಿ ತಾಬಾದಲ್ಲಿ ಇಬ್ಬರೂ ಇನ್ನಷ್ಟು ಹತ್ತಿರ ಬಂದರು. ಫೆಬ್ರುವರಿಯ ಚುನಾವಣೆಯಲ್ಲಿ ಬರಾಕ್ ಸೋತರು. 2008ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ಪ್ರಧಾನಿ ಎಹುದ್ ಓಲ್ಮರ್ಟ್ ಪ್ಯಾಲೆಸ್ಟೀನಿಯರ ಅಧ್ಯಕ್ಷ ಮಹಮೂದ್ ಅಬ್ಬಾಸರಿಗೆ ನಕ್ಷೆಯನ್ನೇ ತೋರಿಸಿದರು. ಪ್ರತಿ ಕೈಗೆ ಕೊಡಲಿಲ್ಲವಾಗಿ ಅಬ್ಬಾಸ್ ನೆನಪಿನಿಂದ ಕಾಗದದ ಚೂರಿನ ಮೇಲೆ ಗೀಚಿಕೊಂಡರು. ಭ್ರಷ್ಟಾಚಾರದ ತನಿಖೆಗೆ ಸಿಕ್ಕ ಓಲ್ಮರ್ಟ್ ಆಗಲೇ ರಾಜೀನಾಮೆ ಘೋಷಿಸಿಯಾಗಿತ್ತು. ನೆಲದ ಹೆಸರು ಹೇಳುವ ಧೈರ್ಯ ಇವರೆಲ್ಲರಿಗೂ ಬಂದದ್ದು ಕುರ್ಚಿ ಬಿಡುವ ಹೊತ್ತಿಗೆ.

2002ರ ಮಾರ್ಚಿನ ಅರಬ್ ಶಾಂತಿ ಪ್ರಸ್ತಾವಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ಖಾರ್ಟೂಮಿನಲ್ಲಿ ಮೂರು ಬಾರಿ ಇಲ್ಲವೆಂದ ಅರಬ್ ಲೀಗ್ ಈಗ ಬೈರೂತಿನಲ್ಲಿ, 1967ರ ಗಡಿಗೆ ಹಿಂದಿರುಗಿದರೆ ಎಲ್ಲ ದೇಶಗಳೂ ಮಾನ್ಯತೆ ಕೊಡುತ್ತೇವೆಂದಿತು. ಹಿಂದಿನ ಸಂಜೆಯೇ ಹಮಾಸ್ ನೆತನ್ಯಾದ ಹೋಟೆಲಿನಲ್ಲಿ ಹಬ್ಬದೂಟಕ್ಕೆ ಕೂತಿದ್ದ 30 ಜನರನ್ನು ಕೊಂದಿತ್ತು. ಮರುದಿನ ಇಸ್ರೇಲಿಗರ ಕಿವಿಗೆ ಬೈರೂತಿನ ಮಾತು ಬೀಳುವ ಹಾಗಿರಲಿಲ್ಲ. ಆಮೇಲಿನ 2003ರ ಶಾಂತಿ ಮಾರ್ಗಸೂಚಿ, 2007ರ ಅನಾಪೊಲಿಸ್ ಸಮ್ಮೇಳನ, 2013–14ರ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿಯ ಓಡಾಟ ಇವುಗಳಲ್ಲಿ ಹೊಸದೇನಿಲ್ಲ. ಕೆಲವು ಅರಬ್ ದೇಶಗಳು ಇಸ್ರೇಲಿನ ಜೊತೆ ಮಾಡಿಕೊಂಡ 2020ರ ಅಬ್ರಹಾಂ ಒಪ್ಪಂದಗಳಂತೂ ಪ್ಯಾಲೆಸ್ಟೈನನ್ನು ಬಿಟ್ಟೇ ಮುಂದೆ ಹೋಗಬಹುದೆಂಬ ನಂಬಿಕೆಯ ಮೇಲೆ ನಿಂತವು. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆಯೊಯ್ದಾಗ, ಬಳಿಕ ಗಾಜಾದಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ ಅರವತ್ತು ಸಾವಿರಕ್ಕೂ ಮೀರಿ ಜನ ಸತ್ತಾಗ ಆ ನಂಬಿಕೆ ಹುಸಿಯಾಯಿತು.

ಮಧ್ಯಸ್ಥನ ಬಗ್ಗೆ ಒಂದು ಮಾತು. ಅಮೆರಿಕ ಪಕ್ಷಪಾತಿ ಎಂಬ ದೂರು ಸರಿಯೇ. 2016ರ ಒಪ್ಪಂದದಂತೆ ಅದು ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್ ಸೇನಾ ನೆರವನ್ನು ಇಸ್ರೇಲಿಗೆ ಕೊಡುತ್ತಿದೆ. ಆದರೆ ಕ್ಯಾಂಪ್ ಡೇವಿಡ್ಡಿನಲ್ಲಿ ಬೆಗಿನ್ ಅವರನ್ನು ಒಪ್ಪಿಸಿದ್ದು ಇದೇ ಪಕ್ಷಪಾತಿ. ತನ್ನವನ ಕೈಹಿಡಿದು ಬಗ್ಗಿಸುವ ಶಕ್ತಿ ನಂಟನಿಗೇ ಇರುವುದು. ಕಾರ್ಟರ್ ಆ ಶಕ್ತಿಯನ್ನು ಬಳಸಿದರು, ನಂತರದವರಲ್ಲಿ ಹೆಚ್ಚಿನವರು ಬಳಸಲಿಲ್ಲ.

ಭಾರತ ಈಗ ಎರಡೂ ಕಡೆಯ ಗೆಳೆಯ. ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ 2012ರ ಜನವರಿಯಲ್ಲಿ ಒಂದೇ ಪ್ರವಾಸದಲ್ಲಿ ಇಸ್ರೇಲಿಗೂ ಪ್ಯಾಲೆಸ್ಟೈನಿಗೂ ಹೋಗಿಬಂದರು. ಪ್ರಧಾನಿ ಮೋದಿ 2017ರಲ್ಲಿ ಇಸ್ರೇಲಿಗೆ, 2018ರಲ್ಲಿ ಪ್ಯಾಲೆಸ್ಟೈನಿನ ರಮಲ್ಲಾಕ್ಕೆ ಬೇರೆ ಬೇರೆಯಾಗಿ ಹೋದರು. ಸಾಮಾನ್ಯ ಸಭೆಯ 2023ರ ಅಕ್ಟೋಬರ್ 27ರ ಗಾಜಾ ಕದನವಿರಾಮ ನಿರ್ಣಯದಲ್ಲಿ ತಟಸ್ಥವಾದ ಭಾರತ ಡಿಸೆಂಬರ್ 12ರಂದು ಪರವಾಗಿ ಮತ ಹಾಕಿತು. ಇದು ಎಚ್ಚರದ ನಡೆ ನಿಜ, ಆದರೆ ಎಚ್ಚರವೇ ರಾಜತಂತ್ರವಲ್ಲ. ನಮಗೆ ಅಲ್ಲಿ ಇರುವುದು ಬರೀ ತತ್ತ್ವವೂ ಅಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ಮುದುಕರ, ರೋಗಿಗಳ ಆರೈಕೆಯ ಕೆಲಸಕ್ಕಿದ್ದಾರೆ. 2023ರ ಯುದ್ಧ ಶುರುವಾದ ಮೇಲೆ ಪ್ಯಾಲೆಸ್ಟೀನಿ ಕೂಲಿಗಳಿಗೆ ಬಾಗಿಲು ಮುಚ್ಚಿದಾಗ ಕಟ್ಟಡ ಕೆಲಸಕ್ಕೆ ಹರಿಯಾಣ, ಉತ್ತರ ಪ್ರದೇಶದ ಹುಡುಗರು ಸಾಲುಗಟ್ಟಿ ಹೋದರು. ನಮ್ಮ ತೋಟಗಳ ಮಾತಿನಲ್ಲಿ ಇಸ್ರೇಲ್ ಎಂದರೆ ಹನಿ ನೀರಾವರಿ. 2018ರ ರಾಜ್ಯ ಬಜೆಟ್ಟಿನಲ್ಲೂ ಇಸ್ರೇಲ್ ಮಾದರಿ ಕೃಷಿಯ ಪ್ರಸ್ತಾಪವಿತ್ತು. ಅಲ್ಲಿ ಪಶ್ಚಿಮ ದಂಡೆಯ ನೀರಿನ ಹಂಚಿಕೆಯೂ ಓಸ್ಲೊ ಕಾಲದಿಂದ ತೀರದ ತಕರಾರೆಂಬುದು ಆ ಮಾತಿನಲ್ಲಿ ಬರುವುದಿಲ್ಲ.

2025ರಲ್ಲಿ ಮತ್ತೆ ಕಾಗದಗಳ ಮೇಲೆ ಕಾಗದ. ಆಗಸ್ಟ್ 20ರಂದು ಇಸ್ರೇಲ್ ಪೂರ್ವ ಜೆರುಸಲೇಮಿನ ಪಕ್ಕದ ಇ-1 ಎಂಬ ಜಾಗದಲ್ಲಿ ಸುಮಾರು 3,400 ವಸಾಹತು ಮನೆಗಳಿಗೆ ಮಂಜೂರಾತಿ ಕೊಟ್ಟಿತು. ಅವು ಎದ್ದರೆ ಪಶ್ಚಿಮ ದಂಡೆಯ ಉತ್ತರ, ದಕ್ಷಿಣಗಳ ನಡುವಿನ ಕೊಂಡಿ ಕಡಿಯುತ್ತದೆ. ಸೆಪ್ಟೆಂಬರ್ 12ರಂದು ಸಾಮಾನ್ಯ ಸಭೆ ಎರಡು ರಾಷ್ಟ್ರಗಳ ಪರಿಹಾರವನ್ನು 142 ಮತಗಳಿಂದ ಬೆಂಬಲಿಸಿತು, ಭಾರತವೂ ಪರವಿತ್ತು. ಅದೇ ತಿಂಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ಫ್ರಾನ್ಸ್ ಪ್ಯಾಲೆಸ್ಟೈನಿಗೆ ಮಾನ್ಯತೆ ಕೊಟ್ಟವು. ಭಾರತ 1988ರಲ್ಲೇ ಕೊಟ್ಟಿತ್ತು. ಈಜಿಪ್ಟ್, ಕತಾರ್, ಟರ್ಕಿಗಳ ಮಧ್ಯಸ್ಥಿಕೆಯಲ್ಲಿ ಟ್ರಂಪ್ ಅವರ ಇಪ್ಪತ್ತು ಅಂಶಗಳ ಯೋಜನೆಯಂತೆ ಅಕ್ಟೋಬರ್ 10ರಂದು ಕದನವಿರಾಮ ಬಂತು. ನವೆಂಬರ್ 17ರಂದು ಭದ್ರತಾ ಮಂಡಳಿಯ 2803ನೇ ನಿರ್ಣಯ ಅದಕ್ಕೆ ಮುದ್ರೆ ಒತ್ತಿತು. ರಷ್ಯಾ, ಚೀನಾ ತಟಸ್ಥವಾಗಿದ್ದವು. ಒತ್ತೆಯಾಳುಗಳು ಮನೆ ಸೇರಿದ್ದು, ಅನ್ನದ ಲಾರಿಗಳು ಗಾಜಾ ಹೊಕ್ಕಿದ್ದು ಸಣ್ಣ ಸಾಧನೆಯಲ್ಲ. ಆದರೆ ಪ್ಯಾಲೆಸ್ಟೈನ್ ರಾಷ್ಟ್ರದ ಮಾತು ಅದರಲ್ಲಿ ಷರತ್ತುಗಳ ಆಚೆಗಿನ ಒಂದು ಸಾಧ್ಯತೆಯಾಗಿ ಬರುತ್ತದೆ, ಅಷ್ಟೆ. ಗಡಿ ಯಾವುದೆಂದು ಬರೆದಿಲ್ಲ, ಗಡುವೂ ಇಲ್ಲ.

ಮುಂದೆ ಶಾಂತಿ ಒಪ್ಪಂದವಾಯಿತೆಂಬ ಸುದ್ದಿ ಬಂದಾಗ ಹಸ್ತಲಾಘವದ ಚಿತ್ರ ನೋಡಿ ಪುಟ ತಿರುವಬೇಡಿ. ಗಡಿ ಎಲ್ಲಿ, ಜೆರುಸಲೇಂ ಯಾರಿಗೆ, ವಸಾಹತುಗಳ ಗತಿಯೇನು, ನಿರಾಶ್ರಿತರು ಎಲ್ಲಿಗೆ ಎಂಬ ನಾಲ್ಕು ಪ್ರಶ್ನೆಗೆ ಒಳಪುಟದಲ್ಲಿ ಉತ್ತರವಿದೆಯೇ ಹುಡುಕಿ. ದೆಹಲಿಯೂ ಕೈಯೆತ್ತುವ ಮೊದಲು ಅದನ್ನೇ ಕೇಳಬೇಕು.